ಮಹಡಿಯ ಮೇಲೆ ಎರಡು ಕೋಣೆ ಕಟ್ಟಿದೆವು, ಮನೆ ಕಂದಾಯ ಮೂರು ಪಟ್ಟಾಯಿತು

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಚಿಕ್ಕಮಗಳೂರಿನ ಒಂದು ಬಡಾವಣೆಯಲ್ಲಿ 30×40 ನಿವೇಶನದಲ್ಲಿ ನಮ್ಮ ಮನೆ ಇದೆ. 1999ರಲ್ಲಿ ಕಟ್ಟಿದ್ದು, ಖಾತೆ ನಮೂನೆ 3ರಲ್ಲಿದೆ, ಅಂದರೆ ಅಧಿಕೃತ ಆಸ್ತಿಗಳ ಪಟ್ಟಿಯಲ್ಲಿ. 2023ರ ಯುಗಾದಿ ಕಳೆದ ಮೇಲೆ ಕೆಲಸ ಹಿಡಿಸಿ, ಮಹಡಿಯ ಮೇಲೆ ಎರಡು ಕೋಣೆ ಮತ್ತು ಬಚ್ಚಲು ಕಟ್ಟಿಸಿದೆವು, ಹಿಂದೆ ಅಡುಗೆಮನೆಯನ್ನು ಸ್ವಲ್ಪ ಹಿಗ್ಗಿಸಿದೆವು, ಕೆಳಗಿನ ರೆಡ್ ಆಕ್ಸೈಡ್ ನೆಲ ತೆಗೆಸಿ ಟೈಲ್ಸ್ ಹಾಕಿಸಿದೆವು. ಮಳೆಗೆ ಮೇಲ್ಛಾವಣಿ ಸೋರುತ್ತದೆಂದು ಟ್ರಸ್ ಹಾಕಿಸಿ ಶೀಟು ಹೊದಿಸಿದೆವು. ಎಲ್ಲ ಮುಗಿದದ್ದು ಆ ವರ್ಷದ ದೀಪಾವಳಿಯ ಹೊತ್ತಿಗೆ. ಇತ್ತೀಚೆಗೆ ಇ-ಖಾತೆಗೆ ಅರ್ಜಿ ಹಾಕಿದಾಗ ಬಿಲ್ ಕಲೆಕ್ಟರ್ ಬಂದು ಟೇಪು ಹಿಡಿದು ಅಳೆದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದರು. ಈಗ ನೋಟಿಸು ಬಂದಿದೆ. ವರ್ಷಕ್ಕೆ ₹3,080 ಇದ್ದ ಕಂದಾಯ ₹9,870 ಆಗಿದೆ. 2022-23ರಿಂದ ಮೂರು ವರ್ಷದ ವ್ಯತ್ಯಾಸದ ಬಾಕಿಯನ್ನೂ ದಂಡವನ್ನೂ ಸೇರಿಸಿದ್ದಾರೆ. ನಮ್ಮ ಬಡಾವಣೆಯಲ್ಲೇ ರಿಪೇರಿ ಮಾಡಿಸಿದ ಐದಾರು ಮನೆಗಳಿಗೆ ಹೀಗೆಯೇ ಬಂದಿದ್ದು, ಒಬ್ಬೊಬ್ಬರದು ಒಂದೊಂದು ಲೆಕ್ಕ. ಟೈಲ್ಸ್ ಹಾಕಿಸಿದ್ದೇ ತಪ್ಪಾಯಿತು ಎನ್ನುವವರಿದ್ದಾರೆ, ಕಟ್ಟಿಬಿಡಿ, ಮೇಲಿನ ಕೋಣೆ ಸಕ್ರಮವಾಗುತ್ತದೆ ಎನ್ನುವವರಿದ್ದಾರೆ, ಕಟ್ಟಲೇಬೇಡಿ ಎನ್ನುವವರೂ ಇದ್ದಾರೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬರುವವರಿಗೆ ಮೇಲಿನ ಕೋಣೆಗಳನ್ನು ಆಗೊಮ್ಮೆ ಈಗೊಮ್ಮೆ ಕೊಟ್ಟಿದ್ದುಂಟು, ಅದೂ ಕಾರಣವಿರಬಹುದೇ? ಪಿಂಚಣಿಯಲ್ಲಿ ಬದುಕುವವರು ನಾವು. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಬೇಕಾದ ವಿವರಗಳಲ್ಲಿ ಹೆಚ್ಚಿನವು ಇವೆ, ಅದರಲ್ಲೂ ಮುಖ್ಯವಾದ ಎರಡು ದಿನಾಂಕಗಳಿವೆ. ನಿಮ್ಮ ಆತಂಕ ಮೂರು ಬಗೆಯದೆಂದು ನನಗೆ ಅನ್ನಿಸುತ್ತದೆ. ಮನೆ ದುರಸ್ತಿ ಮಾಡಿಸಿದರೆ ಕಂದಾಯ ಇಷ್ಟು ಏರಬಹುದೇ, ಹಿಂದಿನ ವರ್ಷಗಳಿಗೂ ವಸೂಲು ಮಾಡಬಹುದೇ, ಕಟ್ಟಿದರೆ ಅಥವಾ ಕಟ್ಟದಿದ್ದರೆ ಮನೆಗೇನಾದರೂ ತೊಂದರೆಯಾದೀತೇ. ಎರಡು ಕೋಣೆ ಹೆಚ್ಚಿದ ಮೇಲೆ ಕಂದಾಯ ಏರುವುದು ನ್ಯಾಯವೇ. ಆದರೆ ನೀವು ಕೊಟ್ಟಿರುವ ವಿವರಕ್ಕೆ ಮೂರು ಪಟ್ಟು ಏರಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ಲೆಕ್ಕದ ಹಾಳೆಯಲ್ಲಿ ಕನಿಷ್ಠ ಎರಡು ಮೂರು ಕಡೆ ತಪ್ಪು ನಮೂದಾಗಿರುವ ಸಾಧ್ಯತೆ ಬಹಳ ಇದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪುರಸಭೆ, ನಗರಸಭೆಗಳ ಕಂದಾಯ ಶಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ಮೇಲೆ ನಾನು ನೋಡಿರುವ ಇಂಥ ನೋಟಿಸುಗಳಲ್ಲಿ ಹೆಚ್ಚಿನವು ದುರುದ್ದೇಶದಿಂದ ಆದವಲ್ಲ, ಅವಸರದಿಂದ ಆದವು.

ಮೊದಲು ಟೈಲ್ಸಿನ ಮಾತು. ನೀವು ದುರಸ್ತಿಗೆ ಎಷ್ಟು ಲಕ್ಷ ಸುರಿದಿರಿ ಎಂಬುದನ್ನು ನೋಡಿ ಕಂದಾಯ ಹಾಕುವುದಿಲ್ಲ. ಬಣ್ಣ ಹೊಡೆಸಿದ್ದು, ಪೈಪು ಬದಲಿಸಿದ್ದು, ವೈರಿಂಗ್ ಮಾಡಿಸಿದ್ದು, ಸೋಲಾರ್ ಕೂರಿಸಿದ್ದು, ಅಡುಗೆಮನೆಗೆ ಕಬೋರ್ಡು ಮಾಡಿಸಿದ್ದು ಇವಾವುದೂ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಕಟ್ಟಡದ ವರ್ಗ, ಕಟ್ಟಿದ ವರ್ಷ ಮತ್ತು ಉಪಯೋಗ. ಇವುಗಳಲ್ಲಿ ವರ್ಗ ಎಂಬುದು ಮುಖ್ಯವಾಗಿ ಛಾವಣಿಯಿಂದ ತೀರ್ಮಾನವಾಗುತ್ತದೆ: ಆರ್‌ಸಿಸಿಯೋ, ಮಂಗಳೂರು ಹೆಂಚೋ, ಶೀಟೋ ಎಂದು. ನೆಲ ಮತ್ತು ಮರಮುಟ್ಟನ್ನು ನೋಡಿ ಒಳವರ್ಗ ಮಾಡುವ ಪಟ್ಟಿಗಳೂ ಇರುವುದರಿಂದ ರೆಡ್ ಆಕ್ಸೈಡ್ ಹೋಗಿ ಟೈಲ್ಸ್ ಬಂದಾಗ ದರದಲ್ಲಿ ಅಲ್ಪ ವ್ಯತ್ಯಾಸವಾಗಬಹುದು. ಟೈಲ್ಸಿನಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳಲಾರೆ. ಅದರಿಂದ ಕಂದಾಯ ಮೂರು ಪಟ್ಟಾಗುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಈ ನೋಟಿಸುಗಳು ಈಗಲೇ ಏಕೆ ಬರುತ್ತಿವೆ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಸ್ವಯಂ ಘೋಷಣೆ ಪದ್ಧತಿ ಬಂದು ಎರಡು ದಶಕಗಳು ಕಳೆದಿವೆ. ಮಾಲೀಕರೇ ನಮೂನೆ ತುಂಬಿ ಕಟ್ಟುವ ಪದ್ಧತಿಯಾದ್ದರಿಂದ ಮನೆಯ ಮೇಲೆ ಮಹಡಿ ಎದ್ದರೂ ಹಳೆಯ ಅಳತೆಯನ್ನೇ ವರ್ಷ ವರ್ಷ ಬರೆದು ಕಟ್ಟಿಕೊಂಡು ಬಂದವರು ಬಹಳ ಮಂದಿ, ಅದನ್ನು ಕೇಳಿದವರೂ ಕಡಿಮೆ. 2021-22ರಿಂದ ಲೆಕ್ಕದ ಆಧಾರ ಬದಲಾಯಿತು: ನೋಂದಣಿ ಇಲಾಖೆ ಆಸ್ತಿಗಳಿಗೆ ಗೊತ್ತುಮಾಡುವ ಮಾರ್ಗಸೂಚಿ ಬೆಲೆಯ ಶೇಕಡಾ 25ನ್ನು ತೆರಿಗೆಯ ಮೌಲ್ಯವೆಂದು ಹಿಡಿದು, ವಾಸದ ಕಟ್ಟಡಕ್ಕೆ ಅದರ ಶೇಕಡಾ 0.2ರಿಂದ 1.5ರ ಒಳಗೆ, ವಾಣಿಜ್ಯ ಕಟ್ಟಡಕ್ಕೆ 0.5ರಿಂದ 3ರ ಒಳಗೆ ಸ್ಥಳೀಯ ಸಂಸ್ಥೆ ದರ ಗೊತ್ತುಮಾಡುತ್ತದೆ. ಹಿಂದೆ ಮೂರು ವರ್ಷಕ್ಕೊಮ್ಮೆ ಏರುತ್ತಿದ್ದುದು ಈಗ ವರ್ಷ ವರ್ಷವೂ ಶೇಕಡಾ 3ರಿಂದ 5ರಷ್ಟು ಏರುತ್ತದೆ. ಅದರ ಮೇಲೆ 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಮಾರ್ಗಸೂಚಿ ಬೆಲೆಯೇ ಪರಿಷ್ಕರಣೆಯಾಯಿತು. ಇನ್ನೊಂದು ಕಡೆ, ಆಸ್ತಿ ತೆರಿಗೆಯ ವಸೂಲಿ ಬೆಳೆಯದ ನಗರಗಳಿಗೆ ಅನುದಾನವಿಲ್ಲ ಎಂಬ ಷರತ್ತನ್ನು 15ನೇ ಹಣಕಾಸು ಆಯೋಗ ಹಾಕಿತು. ಇಷ್ಟೆಲ್ಲ ಒತ್ತಡವಿರುವ ಕಚೇರಿಗೆ 2025ರ ಇ-ಖಾತೆ ಅಭಿಯಾನದಲ್ಲಿ ಮಾಲೀಕರೇ ಮನೆಯ ಫೋಟೊ ಹಿಡಿದು ಬಂದರೆ, ನಮೂನೆಯಲ್ಲಿ ಒಂದು ಅಂತಸ್ತು, ಫೋಟೊದಲ್ಲಿ ಎರಡು ಅಂತಸ್ತು ಕಾಣುವುದು ಸಹಜ. ನಿಮ್ಮ ಮನೆಗೆ ಟೇಪು ಬಂದದ್ದು ಹೀಗೆ.

ಈಗ ಲೆಕ್ಕಕ್ಕೆ ಬರೋಣ, ನಿಮ್ಮ ಪ್ರಶ್ನೆಯ ಜೀವ ಇರುವುದು ಇಲ್ಲಿ. ಕೆಳಗಿನ ಅಂಕಿಗಳು ತಿಳಿವಳಿಕೆಗಾಗಿ ನಾನು ಇಟ್ಟುಕೊಂಡವು, ನಿಮ್ಮ ಬಡಾವಣೆಯ ನಿಜವಾದ ದರಗಳಲ್ಲ. ನಿವೇಶನ 1,200 ಚದರಡಿ, ಕೆಳಮನೆ 900, ಮೇಲಿನದು 650 ಎಂದುಕೊಳ್ಳಿ. ಲೆಕ್ಕ ಸರಳವಾಗಲೆಂದು ಅಡುಗೆಮನೆಯ ವಿಸ್ತರಣೆಯನ್ನು ಬಿಡೋಣ. ನಿವೇಶನಕ್ಕೂ ಕಟ್ಟಡಕ್ಕೂ ಮಾರ್ಗಸೂಚಿ ಬೆಲೆ ಚದರಡಿಗೆ ₹1,000, ತೆರಿಗೆ ದರ ಶೇಕಡಾ 0.5, ಹಳೆಯ ಕಟ್ಟಡಕ್ಕೆ ಸವಕಳಿ (ಹಳೆಯದಾದದ್ದಕ್ಕೆ ಬೆಲೆಯಲ್ಲಿ ಕಳೆಯುವ ಮೊತ್ತ) ಕಾಲು ಭಾಗ ಎಂದಿಟ್ಟುಕೊಳ್ಳಿ. ದುರಸ್ತಿಗೆ ಮುಂಚೆ ನಿವೇಶನ 12,00,000, ಸವಕಳಿ ಕಳೆದ ಕೆಳಮನೆ 6,75,000, ಒಟ್ಟು 18,75,000. ಅದರ ಕಾಲು ಭಾಗ 4,68,750, ಅದಕ್ಕೆ ಶೇಕಡಾ 0.5ರಂತೆ ತೆರಿಗೆ ₹2,344. ತೆರಿಗೆಯ ಮೇಲೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3, ಹೀಗೆ ಶೇಕಡಾ 24 ಸೇರಿ ₹2,906. ಮೇಲಿನ ಅಂತಸ್ತಿನ 6,50,000 ಕೂಡಿಸಿದರೆ ಕಟ್ಟಬೇಕಾದದ್ದು ₹3,914. ಸರಿಯಾದ ಏರಿಕೆ ಎಂದರೆ ಇಷ್ಟು.

ಇನ್ನು ತಪ್ಪುಗಳನ್ನು ಒಂದೊಂದಾಗಿ ಸೇರಿಸುತ್ತೇನೆ. ಹೊಸ ನಮೂನೆಯಲ್ಲಿ ಇಡೀ ಕಟ್ಟಡಕ್ಕೆ 2023 ಎಂದು ಒಂದೇ ವರ್ಷ ನಮೂದಿಸಿದರೆ ಕೆಳಮನೆಯ ಸವಕಳಿ ಹಾರಿಹೋಗಿ ₹4,263 ಆಗುತ್ತದೆ. ಮೇಲೆ ಹೊದಿಸಿದ ಶೀಟನ್ನು ಇನ್ನೊಂದು ಆರ್‌ಸಿಸಿ ಅಂತಸ್ತು ಎಂದು 650 ಚದರಡಿ ಹಿಡಿದರೆ ₹5,270. ಇಡೀ ಮನೆಯನ್ನು ವಾಣಿಜ್ಯ ಎಂದು ಗುರುತಿಸಿ ಶೇಕಡಾ 1ರ ದರ ಹಾಕಿದರೆ ₹10,540. ಎರಡು ಕೋಣೆಯಿಂದ ಸಾವಿರ ರೂಪಾಯಿ ಏರಿದ್ದು ಮೂರು ತಪ್ಪು ಕಾಲಮುಗಳಿಂದ ಏಳೂವರೆ ಸಾವಿರಕ್ಕೂ ಹೆಚ್ಚು ಏರುತ್ತದೆ. ನಿಮ್ಮ ₹9,870 ಹುಟ್ಟಿದ್ದು ಇಂಥ ದಾರಿಯಲ್ಲೇ ಎಂದು ನನ್ನ ಅನುಮಾನ.

ಕಟ್ಟಿದ ವರ್ಷದ ತಪ್ಪು ಎಷ್ಟು ಸುಲಭವಾಗಿ ಆಗುತ್ತದೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನಾನು ಕೆಲಸ ಮಾಡಿದ ಒಂದು ಊರಿನಲ್ಲಿ ವಯಸ್ಸಾದ ತಾಯಿಯೊಬ್ಬರು ಹಳೆಯ ರಸೀದಿಗಳ ಕಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಮೇಜಿನ ಮುಂದೆ ಕುಳಿತಿದ್ದರು. ಕಪಾಟಿನಿಂದ ಹಳೆಯ ಡಿಮ್ಯಾಂಡ್ ರಿಜಿಸ್ಟರ್ ತರಿಸಿದೆ. ಅಂಚು ಗೆದ್ದಲು ತಿಂದಿದ್ದರೂ ಅವರ ಮನೆಯ ಸಾಲಿನಲ್ಲಿ ಕೆಂಪು ಶಾಯಿಯಲ್ಲಿ 1978 ಎಂದು ಸ್ಪಷ್ಟವಾಗಿತ್ತು. ಪಕ್ಕದಲ್ಲಿಟ್ಟ ಕಂಪ್ಯೂಟರ್ ಪ್ರತಿಯಲ್ಲಿ ಕೆಳಮನೆಗೂ ಮೇಲಿನ ಕೋಣೆಗೂ 2011 ಎಂದೇ ಇತ್ತು. ದಾಖಲೆ ತುಂಬಿದ ಹುಡುಗ, ಕಾಲಂ ಖಾಲಿ ಬಿಟ್ಟರೆ ಮುಂದಕ್ಕೆ ಹೋಗುತ್ತಿರಲಿಲ್ಲ ಸಾರ್, ಅರ್ಜಿಯಲ್ಲಿದ್ದ ವರ್ಷವನ್ನೇ ಎಲ್ಲಕ್ಕೂ ಹಾಕಿದೆ ಎಂದ. ಎರಡು ಹಾಳೆಯನ್ನೂ ಜೋಡಿಸಿಟ್ಟು ನೋಡಿದಾಗ ತಪ್ಪು ತಿಳಿಯಲು ಐದು ನಿಮಿಷ ಸಾಕಾಯಿತು. ಆದರೆ ಆ ತಾಯಿ ನಾಲ್ಕು ವರ್ಷ ಹೆಚ್ಚಿಗೆ ಕಟ್ಟಿದ್ದರು. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುವುದು: ಹಳೆಯ ಭಾಗಕ್ಕೆ ಹಳೆಯ ವರ್ಷ, ಹೊಸ ಭಾಗಕ್ಕೆ ಹೊಸ ವರ್ಷ, ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಸಿ. ನಿಮ್ಮ ಕೆಳಮನೆ 1999ರದು ಎನ್ನಲು ಹಳೆಯ ಲೈಸೆನ್ಸ್, ಮೊದಲ ಕಂದಾಯ ರಸೀದಿ, ವಿದ್ಯುತ್ ಸಂಪರ್ಕ ಪಡೆದ ದಾಖಲೆ, ಇವುಗಳಲ್ಲಿ ಯಾವುದಿದ್ದರೂ ಆಗುತ್ತದೆ. ನೆಲ ಬದಲಿಸಿದ್ದರಿಂದ ಕಟ್ಟಡದ ವಯಸ್ಸು ಕಡಿಮೆಯಾಗುವುದಿಲ್ಲ.

ಶೀಟಿನ ವಿಷಯ ನಮ್ಮ ಮಲೆನಾಡಿಗೆ ವಿಶೇಷವಾದದ್ದು. ಇಲ್ಲಿ ಆರ್‌ಸಿಸಿಯ ಮೇಲೆ ಶೀಟು ಹೊದಿಸುವುದು ಅಂದಕ್ಕಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಯ್ಯುವ ಮಳೆಗೆ ತಾರಸಿ ನೆನೆದು ಗೋಡೆ ಪಾಚಿ ಕಟ್ಟದಿರಲಿ ಎಂದು. ಸುತ್ತ ಗೋಡೆಯಿಲ್ಲದೆ, ಪ್ಯಾರಪೆಟ್ ಮೇಲೆ ಕಂಬ ನಿಲ್ಲಿಸಿ ಹೊದಿಸಿದ ಶೀಟು ಮಳೆಯ ಮರೆಯೇ ಹೊರತು ಅಂತಸ್ತಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಅದನ್ನೇ ನೀವು ವಾದಿಸಬೇಕು. ಆದರೆ ಅದರ ಕೆಳಗೆ ಇಟ್ಟಿಗೆ ಗೋಡೆ ಏರಿಸಿ ಬಾಗಿಲಿಟ್ಟಿದ್ದರೆ, ಅಥವಾ ಯಾರಿಗಾದರೂ ಗೋದಾಮಿಗೆ ಬಾಡಿಗೆ ಕೊಟ್ಟಿದ್ದರೆ, ಅದು ಶೀಟಿನ ಕಟ್ಟಡವಾಗುತ್ತದೆ. ಆಗಲೂ ಶೀಟಿನ ದರ ಹಾಕಬೇಕೇ ವಿನಾ ಆರ್‌ಸಿಸಿ ದರವನ್ನಲ್ಲ. ನಾಲ್ಕು ದಿಕ್ಕಿನಿಂದಲೂ ಫೋಟೊ ತೆಗೆಸಿ ಇಟ್ಟುಕೊಳ್ಳಿ. ಬಟ್ಟೆಯನ್ನೋ ಮೆಣಸನ್ನೋ ಒಣಗಲು ಹಾಕಿರುವುದು ಕಂಡರೂ ಅಡ್ಡಿಯಿಲ್ಲ. ಮನೆಬಳಕೆಯ ಜಾಗ ಎಂಬುದಕ್ಕೆ ಅದೇ ಸಾಕ್ಷಿ.

ಅತಿಥಿಗಳ ವಿಷಯದಲ್ಲಿ ಮಾತ್ರ ನಿಮಗೆ ಸ್ವಲ್ಪ ಅಹಿತವಾದದ್ದನ್ನು ಹೇಳಬೇಕಾಗಿದೆ. ಹಣ ಪಡೆದು ಕೋಣೆ ಕೊಟ್ಟದ್ದು ಆಗೊಮ್ಮೆ ಈಗೊಮ್ಮೆಯೇ ಆದರೂ ಅದನ್ನು ಮರೆಮಾಚಿ ತಕರಾರು ಅರ್ಜಿ ಬರೆಯಬೇಡಿ. ಕೋಣೆಯ ಚಿತ್ರ ಎಲ್ಲೋ ಬಾಡಿಗೆಯ ಆ್ಯಪಿನಲ್ಲಿ ಕಾಣಿಸಿದರೆ ನಿಮ್ಮ ಅರ್ಜಿಯ ಉಳಿದ ಸತ್ಯವನ್ನೂ ಯಾರೂ ನಂಬುವುದಿಲ್ಲ. ಕೆಳಗೆ ನೀವೇ ವಾಸವಿದ್ದೀರಿ, ಆದ್ದರಿಂದ ವಾಣಿಜ್ಯ ದರ ಹಾಕುವುದೇ ಆದರೆ ಬಳಸಿದ ಕೋಣೆಗಳ ವಿಸ್ತೀರ್ಣಕ್ಕೆ ಮಾತ್ರ ಹಾಕಬೇಕು, ಇಡೀ ಮನೆಗಲ್ಲ ಎಂಬುದು ನಿಮ್ಮ ನ್ಯಾಯವಾದ ವಾದ. ಮುಂದೆಯೂ ಕೊಡುವುದಿದ್ದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ಎಂದು ನೋಂದಾಯಿಸಿ, ಆ ಪ್ರಮಾಣಪತ್ರವನ್ನು ಕಂದಾಯ ಶಾಖೆಗೂ ಕೊಡಿ. ಮಾಲೀಕರೇ ವಾಸವಿರುವ ಮನೆ ಎಂದು ತೋರಿಸಲು ಅದು ನೆರವಾಗುತ್ತದೆ. ಕೊಡುವುದನ್ನು ನಿಲ್ಲಿಸಿದ್ದರೆ, ನಿಲ್ಲಿಸಿದ ತಿಂಗಳನ್ನು ಬರೆದು ವಾಸದ ಉಪಯೋಗವೆಂದು ತಿದ್ದಿಸಿಕೊಳ್ಳಿ.

ಬಾಕಿಯ ಮೂರು ವರ್ಷಗಳಲ್ಲಿ 2022-23 ನಿಲ್ಲುವಂಥದ್ದಲ್ಲ. ಆ ಸಾಲು ಮುಗಿದದ್ದು 2023ರ ಮಾರ್ಚ್ 31ಕ್ಕೆ, ನಿಮ್ಮ ಕೆಲಸ ಶುರುವಾದದ್ದೇ ಆ ವರ್ಷದ ಯುಗಾದಿ ಕಳೆದ ಮೇಲೆ. ಹಾಗಾದರೆ 2022-23ರಲ್ಲಿ ತೆರಿಗೆ ಹಾಕಲು ಹೊಸ ಕಟ್ಟಡವೇ ಇರಲಿಲ್ಲ. ಮೇಸ್ತ್ರಿಗೆ ಕೊಟ್ಟ ಹಣದ ಬ್ಯಾಂಕ್ ದಾಖಲೆ, ಸಿಮೆಂಟು ಕಬ್ಬಿಣದ ಬಿಲ್ಲು, ಮೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಂಡಿದ್ದರೆ ಅದರ ದಿನಾಂಕ, ಇವನ್ನು ಜೋಡಿಸಿ. ಕೆಲಸ ಮುಗಿದದ್ದು ನವೆಂಬರ್‌ನಲ್ಲಾದ್ದರಿಂದ 2023-24ರ ಪೂರ್ತಿ ವರ್ಷಕ್ಕೆ ಹಾಕಿದ್ದನ್ನೂ ಪ್ರಶ್ನಿಸಿ. 2024-25ರಿಂದ ಈಚೆಗೆ ಮೇಲಿನ ಕೋಣೆಗಳ ತೆರಿಗೆ ನಿಮ್ಮ ಹೊಣೆಯೇ, ಅದನ್ನು ಒಪ್ಪಿಕೊಳ್ಳಿ.

ಕಟ್ಟಿದರೆ ಸಕ್ರಮವಾಗುತ್ತದೆ ಎಂಬ ಮಾತನ್ನು ನಂಬಿ ಕೈಸುಟ್ಟುಕೊಂಡವರನ್ನು ಬಹಳ ನೋಡಿದ್ದೇನೆ. ಕಂದಾಯ ಶಾಖೆಯ ರಿಜಿಸ್ಟರ್ ಬೇರೆ, ಕಟ್ಟಡ ಪರವಾನಗಿಯ ಕಡತ ಬೇರೆ. ಇರುವ ಕಟ್ಟಡಕ್ಕೆ ತೆರಿಗೆ ಪಡೆದ ಮಾತ್ರಕ್ಕೆ ಅದಕ್ಕೆ ಅನುಮತಿ ಕೊಟ್ಟಂತಲ್ಲ ಎಂಬುದು ಕಾನೂನಿನಲ್ಲೇ ಇದೆ. ಅಕ್ರಮ-ಸಕ್ರಮ ಬರುತ್ತದೆ ಎಂದು ಕಾಯುವವರಿಗೆ ನೆನಪಿರಲಿ, ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ನೀಡಿತು. ಪರವಾನಗಿಯಿಲ್ಲದ ಕಟ್ಟಡಗಳ ಬಗ್ಗೆ ಅದೇ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ನೀಡಿದ ತೀರ್ಪಿನ ನಂತರ ಬ್ಯಾಂಕ್ ಸಾಲ, ವಿದ್ಯುತ್, ನೀರಿನ ಸಂಪರ್ಕಗಳಿಗೂ ಕಾಗದಪತ್ರ ಕೇಳುವುದು ಬಿಗಿಯಾಗಿದೆ. ಮಹಡಿಗೆ ಲೈಸೆನ್ಸ್ ತೆಗೆದುಕೊಂಡಿದ್ದಿರೋ ಇಲ್ಲವೋ ನೀವು ಬರೆದಿಲ್ಲ. ತೆಗೆದುಕೊಂಡಿದ್ದರೆ ಅದರ ಪ್ರತಿಯೇ ನಿಮ್ಮ ದೊಡ್ಡ ಬಲ. ಇಲ್ಲದಿದ್ದರೆ, ಮತ್ತು ಅಡುಗೆಮನೆ ಹಿಂದಿನ ಸೆಟ್‌ಬ್ಯಾಕ್ ಜಾಗಕ್ಕೆ (ನಿಯಮದಂತೆ ಖಾಲಿ ಬಿಡಬೇಕಾದ ಜಾಗಕ್ಕೆ) ಹೋಗಿದ್ದರೆ, ತಕರಾರು ಹಾಕುವ ಮುನ್ನ ನೋಂದಾಯಿತ ಇಂಜಿನಿಯರರಿಂದ ಅಳತೆ ಮಾಡಿಸಿ ಎಷ್ಟು ನಿಯಮದೊಳಗಿದೆ, ಎಷ್ಟು ಹೊರಗಿದೆ ಎಂದು ತಿಳಿದುಕೊಳ್ಳಿ. ಅನಧಿಕೃತ ಭಾಗಕ್ಕೆ ತೆರಿಗೆಯ ಜೊತೆಗೆ ದಂಡ ಹಾಕುವ ಅಧಿಕಾರ ಅವರಿಗಿದೆ. ನಿಮ್ಮ ನೋಟಿಸಿನಲ್ಲಿರುವ ದಂಡ ತಡಪಾವತಿಯದೋ, ಅನಧಿಕೃತ ಕಟ್ಟಡದ್ದೋ ಎಂಬುದನ್ನು ಮೊದಲು ಕೇಳಿ ತಿಳಿಯಿರಿ.

ಈಗ ನಿಮ್ಮ ಮುಂದಿರುವ ದಾರಿಗಳು. ತಲೆನೋವು ಬೇಡವೆಂದು ಪೂರ್ತಿ ಕಟ್ಟಿಬಿಡುವುದು ಒಂದು. ಆದರೆ ತಪ್ಪು ಲೆಕ್ಕವೇ ದಾಖಲೆಯಾಗಿ ನಿಂತು, ವರ್ಷ ವರ್ಷದ ಏರಿಕೆಯೂ ಅದರ ಮೇಲೆಯೇ ಕೂಡುತ್ತದೆ. ವಾಣಿಜ್ಯ ಎಂಬ ನಮೂದನ್ನು ನೀವೇ ಒಪ್ಪಿದಂತಾಗಿ, ನಾಳೆ ಮಕ್ಕಳ ಹೆಸರಿಗೆ ಖಾತೆ ಮಾಡುವಾಗಲೂ ಅದು ಹಿಂಬಾಲಿಸುತ್ತದೆ. ಕಟ್ಟದೆ ಸುಮ್ಮನಿರುವುದು ಇನ್ನೊಂದು. ತಿಂಗಳಿಗೆ ಶೇಕಡಾ 2ರ ದಂಡವೆಂದರೆ ವರ್ಷಕ್ಕೆ 24, ಇ-ಖಾತೆಯ ಅರ್ಜಿಯೂ ಅಲ್ಲೇ ನಿಲ್ಲುತ್ತದೆ. ಯಾರದೋ ಕೈಗೆ ಇಷ್ಟು ಕೊಟ್ಟು ಸರಿಮಾಡಿಸುತ್ತೇವೆ ಎನ್ನುವವರ ಮಾತು ಕೇಳಬೇಡಿ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಶಿಕ್ಷಾರ್ಹ ಅಪರಾಧ, ಮೇಲಾಗಿ ಆದೇಶವಿಲ್ಲದೆ ತಿದ್ದಿದ್ದು ಮುಂದಿನ ಅಧಿಕಾರಿ ಬಂದಾಗ ಮತ್ತೆ ಮೇಲೆ ಬರುತ್ತದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಹೀಗೆ ಮಾಡುತ್ತಿದ್ದೆ. ನೋಟಿಸಿನಲ್ಲಿ ಕೊಟ್ಟ ಗಡುವಿನೊಳಗೆ ಕಂದಾಯ ಶಾಖೆಗೆ ಹೋಗಿ ಒಟ್ಟು ಮೊತ್ತದ ಹಾಳೆಯನ್ನಲ್ಲ, ಅಂತಸ್ತುವಾರು ವಿಸ್ತೀರ್ಣ, ವರ್ಗ, ವರ್ಷ, ಉಪಯೋಗ ತೋರಿಸುವ ಲೆಕ್ಕದ ಹಾಳೆಯನ್ನು ಕೇಳಿ ಪಡೆಯುತ್ತಿದ್ದೆ. ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಿದ್ದೆ. ಅದಕ್ಕೆ 30 ದಿನ ಹಿಡಿಯಬಹುದಾದ್ದರಿಂದ ತಕರಾರನ್ನು ಮಾತ್ರ ಅದಕ್ಕಾಗಿ ತಡೆಯುತ್ತಿರಲಿಲ್ಲ. ಪೌರಾಯುಕ್ತರ ಹೆಸರಿಗೆ ಒಂದೂವರೆ ಪುಟದ ಅರ್ಜಿ ಬರೆದು, ಒಪ್ಪುವ ಭಾಗ ಯಾವುದು, ಒಪ್ಪದ ಭಾಗ ಯಾವುದು, ಏಕೆ ಎಂದು ನನ್ನದೇ ಲೆಕ್ಕದೊಂದಿಗೆ ತೋರಿಸಿ, ಸಮಕ್ಷಮ ಮರು ಅಳತೆ ಮಾಡಿ ಎಂದು ಕೋರುತ್ತಿದ್ದೆ. ಒಪ್ಪುವ ಭಾಗದ ಹಣವನ್ನು ತಕರಾರಿಗೆ ಒಳಪಟ್ಟು ಕಟ್ಟಿಬಿಡುತ್ತಿದ್ದೆ. ಇದರಲ್ಲೂ ತೊಡಕಿದೆ: ಚಲನ್ ಕಂಪ್ಯೂಟರಿನಿಂದ ಬರುವುದರಿಂದ ಭಾಗಶಃ ಕಟ್ಟಿಸಿಕೊಳ್ಳಲು ಕೌಂಟರಿನಲ್ಲಿ ಒಪ್ಪದಿರಬಹುದು, ಕೊನೆಗೆ ನೀವು ಸೋತರೆ ಉಳಿದ ಹಣಕ್ಕೆ ದಂಡವೂ ಸೇರುತ್ತದೆ. ಒಪ್ಪದಿದ್ದರೆ, ಕಟ್ಟಲು ಬಂದಿದ್ದೆ ಎಂಬುದನ್ನೇ ಅದೇ ದಿನ ಬರೆದು ಟಪಾಲಿಗೆ ಕೊಡಿ. ಬಾಯಿಮಾತಿನ ಭರವಸೆಗೆ ಸಮಾಧಾನಪಡದೆ ಲಿಖಿತ ಆದೇಶ ಕೇಳಿ. ಮೇಲ್ಮನವಿಗೆ ಆಧಾರವಾಗುವುದು ಅದೊಂದೇ.

ಬಡಾವಣೆಯ ಉಳಿದ ಐದಾರು ಮನೆಯವರೂ ತಮ್ಮ ತಮ್ಮ ಲೆಕ್ಕದ ಹಾಳೆ ತರಿಸಿಕೊಂಡು ಒಂದು ಭಾನುವಾರ ಒಟ್ಟಿಗೆ ಕುಳಿತರೆ ಬಹಳ ಅನುಕೂಲ. ಒಬ್ಬರ ಶೀಟು ಬಿಟ್ಟು ಇನ್ನೊಬ್ಬರ ಶೀಟು ಹಿಡಿದಿದ್ದರೆ ಆಗ ತಾನಾಗಿಯೇ ಕಾಣುತ್ತದೆ. ಅರ್ಜಿ ಮಾತ್ರ ಪ್ರತಿ ಮನೆಗೂ ಬೇರೆಯಾಗಿರಲಿ, ಆಸ್ತಿ ಸಂಖ್ಯೆ ಬೇರೆ ಬೇರೆಯಾದ್ದರಿಂದ ಸಾಮೂಹಿಕ ಮನವಿಯ ಮೇಲೆ ಆದೇಶ ಹೊರಡುವುದಿಲ್ಲ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡೇ ಬನ್ನಿ. ತಿದ್ದುಪಡಿಯಾದ ಲೆಕ್ಕ ಮಾರ್ಚ್ ಒಳಗೆ ದಾಖಲಾದರೆ ಮುಂದಿನ ಸಾಲಿನ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ ಶೇಕಡಾ 5ರ ರಿಯಾಯಿತಿ ಪಡೆಯಬಹುದು. ಲೆಕ್ಕದ ಹಾಳೆ ಕೈಗೆ ಬಂದ ಮೇಲೆ ಅದರ ಪ್ರತಿಯನ್ನು ನನಗೆ ಕಳುಹಿಸಿಕೊಡಿ, ಸಾಲು ಸಾಲಾಗಿ ನೋಡಿ ತಿಳಿಸುತ್ತೇನೆ.